ಫ್ಲೋರೋಸಿಸ್: ತುಮಕೂರು ಜಿಲ್ಲೆಯ ಉತ್ತರ ತಾಲ್ಲೂಕುಗಳಲ್ಲಿ

ಫ್ಲೋರೋಸಿಸ್: ಕುಡಿಯುವ ನೀರು ಮತ್ತು ಆಹಾರದ ಮೂಲಕ ಫ್ಲೋರೈಡ್ ವರ್ಷಗಟ್ಟಲೆ ಅಧಿಕ ಪ್ರಮಾಣದಲ್ಲಿ ದೇಹ ಸೇರುವುದರಿಂದ ಹಲ್ಲು, ಮೂಳೆ ಮತ್ತು ಕೀಲುಗಳಿಗೆ ತಗಲುವ ರೋಗ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೂ ಒಂದೇ ಕೊಳವೆಬಾವಿಯ ನೀರು ಕುಡಿಯುವ ಇಡೀ ಊರಿನಲ್ಲಿ ಕಾಣಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಈ ತೊಂದರೆಗೆ ಹೆಸರಾದ ಬಯಲುಸೀಮೆಯ ಪ್ರದೇಶಗಳಲ್ಲಿ ತುಮಕೂರು ಜಿಲ್ಲೆಯ ಪಾವಗಡ ಮುಖ್ಯವಾದುದು. ಅದರ ಜೊತೆಗೆ ಮಧುಗಿರಿ, ಕೊರಟಗೆರೆ, ಹುಲಿಕುಂಟೆ ಹೋಬಳಿಯನ್ನು ಒಳಗೊಂಡ ಶಿರಾ, ಗಡಿಯಾಚೆಯ ಮಡಕಶಿರಾ ಇವೆಲ್ಲವೂ ಒಂದೇ ಬಗೆಯ ಬಂಡೆ, ಒಂದೇ ಬಗೆಯ ಬರ ಹಂಚಿಕೊಂಡ ನೆಲ. ಬಲಿತ ಫ್ಲೋರೋಸಿಸ್‌ಗೆ ಔಷಧವಿಲ್ಲ. ಆದ್ದರಿಂದ ಈ ಕುರಿತ ಸಂಶೋಧನೆ ಆಸ್ಪತ್ರೆಯೊಳಗೆ ಮಾತ್ರ ನಡೆದಿಲ್ಲ. ಭೂವಿಜ್ಞಾನ, ರಸಾಯನವಿಜ್ಞಾನ, ಪೋಷಣಾವಿಜ್ಞಾನ, ನೀರಿನ ಎಂಜಿನಿಯರಿಂಗ್ ಎಲ್ಲವೂ ಇದರಲ್ಲಿ ಪಾಲು ಪಡೆದಿವೆ.

ನೆಲ ಮತ್ತು ನೀರು

ಈ ತಾಲ್ಲೂಕುಗಳ ತಳದಲ್ಲಿರುವುದು ಪರ್ಯಾಯದ್ವೀಪದ ನೈಸ್ ಶಿಲೆ ಮತ್ತು ಅದನ್ನು ಸೀಳಿಕೊಂಡು ದಕ್ಷಿಣೋತ್ತರವಾಗಿ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಗ್ರಾನೈಟ್‌ನ ವಯಸ್ಸು ಸುಮಾರು 250 ಕೋಟಿ ವರ್ಷ. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಈ ಖನಿಜಗಳೊಂದಿಗೆ ಬಹುಕಾಲ ಸಂಪರ್ಕದಲ್ಲಿದ್ದಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ನೀರು ಕ್ಷಾರೀಯವಾಗಿದ್ದು, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಕರಗುವಿಕೆ ಸಲೀಸಾಗುತ್ತದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್‌ನೊಡನೆ ಕೂಡಿ ಕರಗದ ಲವಣವಾಗಿ ತಳಕ್ಕಿಳಿಯುತ್ತದೆ. ಹಾಗಾಗಿ ಒಂದೇ ಊರಿನ ಎರಡು ಬೋರುಗಳಲ್ಲಿ, ಅವು ಹತ್ತಿರ ಹತ್ತಿರವಿದ್ದರೂ, ಫ್ಲೋರೈಡ್ ಪ್ರಮಾಣ ಬೇರೆಬೇರೆ ಇರುವುದು ಅಪರೂಪವಲ್ಲ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 700 ಮಿಲಿಮೀಟರ್. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಸಾಗುವ ಜಯಮಂಗಲಿಯಾಗಲಿ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಹಾದುಹೋಗುವ ಉತ್ತರ ಪಿನಾಕಿನಿಯಾಗಲಿ ವರ್ಷವಿಡೀ ಹರಿಯುವ ನದಿಗಳಲ್ಲ. ಕೆರೆ, ಕುಂಟೆ, ಕಲ್ಯಾಣಿ, ತೋಡುಬಾವಿಗಳೇ ಹಿಂದೆ ಊರುಗಳನ್ನು ಸಾಕುತ್ತಿದ್ದವು. ಆ ನೀರು ಬಹುಮಟ್ಟಿಗೆ ಮೇಲ್ಪದರದ್ದು, ಪ್ರತಿ ಮಳೆಗಾಲದಲ್ಲಿ ಹೊಸದಾಗುತ್ತಿದ್ದುದು. 1970ರ ದಶಕದಿಂದೀಚೆಗೆ ಗಟ್ಟಿ ಬಂಡೆಯನ್ನೂ ಕೊರೆಯಬಲ್ಲ ರಿಗ್‌ಗಳು ಹಳ್ಳಿ ಹಳ್ಳಿಗೆ ಬಂದವು. ಪಂಪ್‌ಸೆಟ್ ಹೆಚ್ಚಿ ತೋಡುಬಾವಿಗಳು ಒಣಗಿದವು, ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದವು. ಆಳದ ಬಿರುಕುಗಳಲ್ಲಿರುವುದು ಹಳೆಯ ನೀರು. ಬಂಡೆಯೊಂದಿಗೆ ಅದರ ಒಡನಾಟ ದೀರ್ಘ. ಅಂತರ್ಜಲ ಕುಸಿತ ಮತ್ತು ಫ್ಲೋರೈಡ್ ಎರಡನ್ನೂ ಬೇರೆಬೇರೆ ಸಮಸ್ಯೆಗಳಾಗಿ ನೋಡಲಾಗದಿರುವುದಕ್ಕೆ ಕಾರಣ ಇದು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012 ಪ್ರಕಾರ 1.0 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಸಹಿಸಬಹುದು. ಬಿಸಿಲಿನ ನಾಡಿನಲ್ಲಿ ಜನ ಹೆಚ್ಚು ನೀರು ಕುಡಿಯುತ್ತಾರೆ ಎಂಬುದು ಕಡಿಮೆ ಮಿತಿಯ ಹಿಂದಿರುವ ತರ್ಕ. ಹೊಲದಲ್ಲಿ ದುಡಿಯುವವರು ದಿನಕ್ಕೆ ನಾಲ್ಕೈದು ಲೀಟರ್ ಕುಡಿದರೆ, ಮಿತಿಯೊಳಗಿನ ನೀರಿನಿಂದಲೂ ಅವರಿಗೆ ಸೇರುವ ಒಟ್ಟು ಫ್ಲೋರೈಡ್ ತಂಪು ದೇಶದವರಿಗಿಂತ ಹೆಚ್ಚಾಗುತ್ತದೆ.

ರೋಗ ಗುರುತಿಸಿದ ಬಗೆ

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 20ನೆಯ ಶತಮಾನದ ಆರಂಭದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಸ್ಥಳೀಯರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಗಮನಿಸಿದ. ಅದರ ಕಾರಣ ನೀರಿನ ಫ್ಲೋರೈಡ್ ಎಂದು 1931ರಲ್ಲಿ ತಿಳಿದುಬಂತು. ಟ್ರೆಂಡ್ಲಿ ಡೀನ್ ಹಲ್ಲಿನ ಕಲೆಗಳ ತೀವ್ರತೆಯನ್ನು ಅಳೆಯುವ ಸೂಚ್ಯಂಕವನ್ನು 1930ರ ದಶಕದಲ್ಲಿ ರೂಪಿಸಿ 1942ರಲ್ಲಿ ಪರಿಷ್ಕರಿಸಿದ. ಶಾಲಾ ಮಕ್ಕಳ ತಪಾಸಣೆಯಲ್ಲಿ ಇಂದಿಗೂ ಇದೇ ಬಳಕೆಯಲ್ಲಿದೆ.

ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಎಚ್.ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು ಬೆನ್ನು ಬಾಗಿ ಸೆಟೆದುಕೊಂಡ ಹಳ್ಳಿಗರ ಮೂಳೆಗಳನ್ನು ಪರೀಕ್ಷಿಸಿ, ನೀರಿನ ಫ್ಲೋರೈಡ್ ಇದಕ್ಕೆ ಕಾರಣವೆಂದು ತೋರಿಸಿದರು. ಆ ಭಾಗದ ರೈತರು ಅದಕ್ಕೂ ಮೊದಲೇ ತಮ್ಮ ಎತ್ತುಗಳು ನಡೆಯಲಾರದೆ ಕುಂಟುವುದನ್ನು ಕಂಡಿದ್ದರು. 1940ರಲ್ಲಿ ಸಿ.ಜಿ. ಪಂಡಿತ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಫ್ಲೋರೋಸಿಸ್ ಕುರಿತು ಇನ್ನಷ್ಟು ವಿವರ ಪ್ರಕಟಿಸಿದರು. ಅನಂತಪುರ, ಪಾವಗಡ, ಚಿತ್ರದುರ್ಗಗಳ ಕಡೆಯ ಒಣನಾಡು ಇದೇ ಬಗೆಯ ಗಟ್ಟಿಶಿಲೆಯ ಪ್ರದೇಶವಾದ್ದರಿಂದ ಮುಂದಿನ ದಶಕಗಳ ಸಮೀಕ್ಷೆಗಳಲ್ಲಿ ಅಲ್ಲೆಲ್ಲ ಇದು ಪತ್ತೆಯಾದದ್ದು ಸಹಜ.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಫ್ಲೋರೈಡ್ ಪ್ರದೇಶದ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವರದಿ ಮಾಡಿದರು. ಜೋಳವೇ ಮುಖ್ಯ ಆಹಾರವಾಗಿದ್ದ, ದೊಡ್ಡ ಅಣೆಕಟ್ಟಿನಿಂದಾಗಿ ಭೂಗರ್ಭದ ನೀರಿನ ಮಟ್ಟ ಏರಿದ್ದ ಹಳ್ಳಿಗಳಲ್ಲಿ ಇದು ಹೆಚ್ಚಿತ್ತು. ಮಣ್ಣು ಮತ್ತು ಧಾನ್ಯದಲ್ಲಿ ಮಾಲಿಬ್ಡಿನಂ ಹೆಚ್ಚಿ ದೇಹದ ತಾಮ್ರ ನಷ್ಟವಾಗುವುದೂ ಇದರ ಹಿಂದೆ ಇರಬಹುದೆಂದು ಅವರ ಮುಂದಿನ ಅಧ್ಯಯನಗಳು ಸೂಚಿಸಿದವು. ನೀರಿನಲ್ಲಿ ಅದೇ ಪ್ರಮಾಣದ ಫ್ಲೋರೈಡ್ ಇದ್ದರೂ ಊಟ ಬೇರೆಯಾದರೆ ರೋಗದ ರೂಪವೂ ಬೇರೆಯಾಗಬಹುದೆಂಬ ಈ ತಿಳಿವಳಿಕೆ ಆನಂತರದ ಪೋಷಣಾ ಸಂಶೋಧನೆಗೆ ದಾರಿ ಮಾಡಿತು.

ದೇಹದಲ್ಲಿ ಫ್ಲೋರೈಡ್

ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಫ್ಲೋರೈಡ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಹಾಲು ಅಥವಾ ಕ್ಯಾಲ್ಸಿಯಂ ಸಮೃದ್ಧ ಆಹಾರ ಜೊತೆಗಿದ್ದರೆ ಹೀರಿಕೆ ಗಣನೀಯವಾಗಿ ಇಳಿಯುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ವಯಸ್ಕರು ಸರಿಸುಮಾರು ಅರ್ಧವನ್ನು ಮೂತ್ರದಲ್ಲಿ ಹೊರಹಾಕುತ್ತಾರೆ. ಬೆಳೆಯುವ ಮಕ್ಕಳ ಮೂಳೆಗಳು ಇನ್ನೂ ಹೆಚ್ಚಿನ ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ದೇಹದಲ್ಲಿ ಉಳಿಯುವ ಫ್ಲೋರೈಡ್‌ನ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿರುತ್ತದೆ. ಮೂಳೆಯ ಹೈಡ್ರಾಕ್ಸಿಅಪಟೈಟ್ ಹರಳಿನಲ್ಲಿರುವ ಹೈಡ್ರಾಕ್ಸಿಲ್ ಸ್ಥಾನವನ್ನು ಅದು ಆಕ್ರಮಿಸಿ ಫ್ಲೋರೊಅಪಟೈಟ್ ಮಾಡುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಹಲ್ಲಿನ ಹುಳುಕನ್ನು ತಡೆಯುತ್ತದೆ. ಅತಿಯಾದಾಗ ಮೂಳೆ ದಟ್ಟವಾಗುತ್ತದೆ, ಆದರೆ ಗಟ್ಟಿತನ ಬರುವುದಿಲ್ಲ. ಸ್ನಾಯುರಜ್ಜು ಮತ್ತು ಮೂಳೆಗಳ ನಡುವಿನ ಪೊರೆಗಳಿಗೂ ಕ್ಯಾಲ್ಸಿಯಂ ಕಟ್ಟಿಕೊಳ್ಳತೊಡಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಹೊರಹೋಗುವುದು ಕಡಿಮೆಯಾಗಿ ಶೇಖರಣೆ ಹೆಚ್ಚುತ್ತದೆ.

ಒಟ್ಟು ಸೇವನೆ ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಅಸ್ಥಿಪಂಜರದ ಮೇಲೆ ಪರಿಣಾಮದ ಸಾಧ್ಯತೆ ಹೆಚ್ಚುತ್ತದೆ, 14 ಮಿಲಿಗ್ರಾಂ ತಲುಪಿದಾಗ ಅಪಾಯ ಸ್ಪಷ್ಟ ಎಂದು ರಾಸಾಯನಿಕ ಸುರಕ್ಷತೆಯ ಅಂತರರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಅಂದಾಜಿಸಿತು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ 9 ಮಿಲಿಗ್ರಾಂ ಸೇರುತ್ತದೆ. ಅದೇ ನೀರಿನಲ್ಲಿ ಬೆಂದ ಮುದ್ದೆ, ಸಾರು, ಅನ್ನದ ಪಾಲು ಬೇರೆ.

ತಳಿಗುಣದ ಪಾತ್ರವೂ ಕಡೆಗಣಿಸುವಂಥದ್ದಲ್ಲ. ಒಂದೇ ಪ್ರಮಾಣದ ಫ್ಲೋರೈಡ್ ಕುಡಿಸಿದಾಗ ಪ್ರಯೋಗಾಲಯದ ಎ/ಜೆ ತಳಿಯ ಇಲಿಗಳಿಗೆ ಹಲ್ಲಿನ ಫ್ಲೋರೋಸಿಸ್ ಬೇಗ ಬಂದರೆ, 129ಪಿ3/ಜೆ ತಳಿಯವು ಬಹುಮಟ್ಟಿಗೆ ತಡೆದುಕೊಂಡವು. ಚೀನಾದ ಮಕ್ಕಳಲ್ಲಿ ಕೊಲ್ಯಾಜನ್ ಪ್ರೋಟೀನಿನ ಒಂದು ಜೀನ್‌ನ ರೂಪಾಂತರಕ್ಕೂ ಹಲ್ಲಿನ ಫ್ಲೋರೋಸಿಸ್‌ಗೂ ಸಂಬಂಧ ಕಂಡುಬಂದಿದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬರ ಹಲ್ಲು ಕರೆಗಟ್ಟಿ ಇನ್ನೊಬ್ಬರದು ಕಟ್ಟದಿರುವುದಕ್ಕೆ ಇದು ಒಂದು ವಿವರಣೆಯಾಗಬಹುದು.

ಲಕ್ಷಣಗಳು ಮತ್ತು ನಿದಾನ

ದಂತ ಫ್ಲೋರೋಸಿಸ್ ಶುರುವಾಗುವುದು ಸುಣ್ಣದ ಗೆರೆಯಂಥ ಬಿಳಿ ಮಚ್ಚೆಗಳಿಂದ. ತೀವ್ರವಾದಂತೆ ಹಳದಿ, ಕಂದು ಪಟ್ಟೆಗಳೂ ಕುಳಿಗಳೂ ಕಾಣುತ್ತವೆ. ಪಟ್ಟೆಗಳು ಹಲ್ಲಿಗೆ ಅಡ್ಡಲಾಗಿ, ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ ಇರುತ್ತವೆ; ಬ್ರಷ್ ಮಾಡಿದರೆ ಹೋಗುವುದಿಲ್ಲ. ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಆದ್ದರಿಂದ ಕಲೆಗಳು ಬಾಲ್ಯದಲ್ಲಿ ಕುಡಿದ ನೀರಿನ ದಾಖಲೆ. ವಯಸ್ಕನಾದ ಮೇಲೆ ಊರು ಬದಲಿಸಿದರೂ ಅಳಿಯವು, ಹೊಸದಾಗಿ ಮೂಡವು. ಸೌಮ್ಯ ಕಲೆಗಳನ್ನು ಸವೆಸುವ, ರಾಳ ತುಂಬುವ, ಮೇಲೆ ಪದರ ಅಂಟಿಸುವ ದಂತ ಚಿಕಿತ್ಸೆಗಳಿವೆ. ಇವು ನೋಟವನ್ನು ಸರಿಪಡಿಸುತ್ತವೆ, ಮೂಳೆಗೆ ಸೇರಿದ ಫ್ಲೋರೈಡನ್ನು ತೆಗೆಯುವುದಿಲ್ಲ. ವಧೂವರರ ಆಯ್ಕೆಯಲ್ಲಿ ಹಲ್ಲಿನ ಬಣ್ಣ ಅಡ್ಡಬರುವ ಊರುಗಳಲ್ಲಿ ಇಂಥ ಚಿಕಿತ್ಸೆಯನ್ನು ಬರೀ ಅಲಂಕಾರವೆಂದು ತಳ್ಳಿಹಾಕಲಾಗದು.

ಮೂಳೆಯ ಫ್ಲೋರೋಸಿಸ್ ನಿಧಾನವಾಗಿ ಬಲಿಯುತ್ತದೆ. ಕತ್ತು, ಸೊಂಟ, ಮಂಡಿಯಲ್ಲಿ ನೋವು. ಬೆಳಗ್ಗೆ ಎದ್ದಾಗ ಬಿಗಿತ. ಕುಕ್ಕರಗಾಲಲ್ಲಿ ಕೂರಲು, ಬಗ್ಗಿ ನಾಣ್ಯ ಎತ್ತಲು, ಗದ್ದವನ್ನು ಎದೆಗೆ ತಾಗಿಸಲು ಆಗದಿರುವುದು ಮೊದಮೊದಲ ಸೂಚನೆಗಳು. ಕ್ಷೇತ್ರ ಸಮೀಕ್ಷೆಗಳಲ್ಲಿ ಕಾರ್ಯಕರ್ತರು ಇಂಥ ಸರಳ ಪರೀಕ್ಷೆಗಳನ್ನೇ ಮಾಡಿಸುತ್ತಾರೆ. ಕೊನೆಯ ಹಂತದಲ್ಲಿ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕೈಕಾಲು ಸ್ವಾಧೀನ ತಪ್ಪಬಹುದು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಸುಣ್ಣದಷ್ಟು ಬೆಳ್ಳಗೆ ಕಾಣುವುದು, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಕ್ಯಾಲ್ಸಿಯಂ ಕಟ್ಟಿರುವುದು ಖಚಿತ ಗುರುತು. ಆರಂಭಿಕ ಹಂತದಲ್ಲಿ ಇದನ್ನು ವಾತ, ಸಂಧಿವಾತ, ಡಿ ಜೀವಸತ್ವದ ಕೊರತೆ ಎಂದು ತಿಳಿಯುವುದು ಸಾಮಾನ್ಯ. ಬಾಗಿದ ಕಾಲು, ಸವೆದ ಸೊಂಟವೆಲ್ಲವೂ ಫ್ಲೋರೈಡ್‌ನಿಂದ ಆಗಬೇಕಿಲ್ಲ. ಉದಾಹರಣೆಗೆ, ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ರೋಗ ವಂಶವಾಹಿಗೆ ಸಂಬಂಧಿಸಿದ್ದು.

ಹೊಟ್ಟೆ ಉರಿ, ಹಸಿವಿಲ್ಲದಿರುವುದು, ದಣಿವು ಮೊದಲಾದ ಮೂಳೆಯೇತರ ಲಕ್ಷಣಗಳ ಕುರಿತು ಸಂಶೋಧಕರಲ್ಲಿ ಒಮ್ಮತವಿಲ್ಲ. ದೆಹಲಿಯ ಎ.ಕೆ. ಸುಶೀಲಾ ಮತ್ತು ಸಹೋದ್ಯೋಗಿಗಳು 2010ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ರಕ್ತಹೀನತೆಯ ಗರ್ಭಿಣಿಯರ ಅಧ್ಯಯನವೊಂದನ್ನು ಪ್ರಕಟಿಸಿದರು. ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದವರಿಗೆ ಫ್ಲೋರೈಡ್ ಮೂಲಗಳನ್ನು ತಪ್ಪಿಸಿ ಪೌಷ್ಟಿಕ ಆಹಾರದ ಸಲಹೆ ಕೊಟ್ಟಾಗ ಹಿಮೋಗ್ಲೋಬಿನ್ ಏರಿತು, ಶಿಶುಗಳ ಜನನತೂಕವೂ ಸುಧಾರಿಸಿತು. ಫ್ಲೋರೈಡ್ ಕರುಳಿನ ಒಳಪದರವನ್ನು ಹಾಳುಗೆಡವಿ ಪೋಷಕಾಂಶ ಹೀರಿಕೆಯನ್ನು ಕುಂದಿಸುತ್ತದೆ ಎಂಬುದು ಅವರ ವಾದ. ಕಬ್ಬಿಣದ ಮಾತ್ರೆ ಹಂಚಿಯೂ ರಕ್ತಹೀನತೆ ಇಳಿಯದ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಪರಿಶೀಲನೆಗೆ ಯೋಗ್ಯವಾದುದು.

ಅಳತೆಯ ಸಾಧನಗಳು

ಫ್ಲೋರೈಡ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಉಪ್ಪು ನೀರನ್ನು ನಾಲಿಗೆ ಹಿಡಿಯುತ್ತದೆ, ಫ್ಲೋರೈಡನ್ನು ಹಿಡಿಯದು; ಬಾಯಿಗೆ ಸಿಹಿಯೆನಿಸುವ ಬೋರಿನ ನೀರಿನಲ್ಲೂ ಅದು ಹೆಚ್ಚಿರಬಹುದು. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ರೂಪಿಸಿದ ಮೇಲೆ ನೀರು, ಮೂತ್ರ, ರಕ್ತದಲ್ಲಿ ಫ್ಲೋರೈಡ್ ಅಳೆಯುವುದು ಸುಲಭವಾಯಿತು. ಅಯಾನ್ ಮೀಟರ್ ಎಂದು ಜಿಲ್ಲಾ ಪ್ರಯೋಗಾಲಯಗಳಲ್ಲಿರುವುದು ಈ ತತ್ತ್ವದ ಉಪಕರಣ. ಹಳ್ಳಿ ಮಟ್ಟದಲ್ಲಿ ಬಣ್ಣ ಬದಲಾಯಿಸುವ ರಾಸಾಯನಿಕ ಕಿಟ್‌ಗಳು ಬಳಕೆಯಲ್ಲಿವೆ. ಆ ಬಣ್ಣವನ್ನು ಮೊಬೈಲ್ ಕ್ಯಾಮೆರಾದಿಂದ ಓದಿ ಸಂಖ್ಯೆಯಾಗಿ ತೋರಿಸುವ ವಿಧಾನವನ್ನು ಭಾರತದ ನೀರಿನ ಮಾದರಿಗಳ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಲಾಯಿತು. ಕಣ್ಣಂದಾಜಿನ ತಪ್ಪು ಕಡಿಮೆಯಾಗುವುದು, ಸ್ಥಳದ ಗುರುತು ಸಹಿತ ಫಲಿತಾಂಶ ದಾಖಲಾಗುವುದು ಇದರ ಲಾಭ.

ಸ್ವಿಟ್ಜರ್ಲೆಂಡಿನ ಐವಾಗ್ ಸಂಸ್ಥೆಯ ಜೋಯೆಲ್ ಪೊಡ್ಗೋರ್ಸ್ಕಿ ಮತ್ತು ಸಂಗಡಿಗರು 2018ರಲ್ಲಿ ಭಾರತದ ಸುಮಾರು 12,600 ಅಂತರ್ಜಲ ಮಾಪನಗಳನ್ನು ಭೂವಿಜ್ಞಾನ, ಮಳೆ, ಮಣ್ಣಿನ ಮಾಹಿತಿಯೊಂದಿಗೆ ಕಂಪ್ಯೂಟರ್ ಕಲಿಕೆಯ ಮಾದರಿಗೆ ಊಡಿಸಿ ದೇಶದ ಫ್ಲೋರೈಡ್ ಅಪಾಯದ ನಕ್ಷೆ ತಯಾರಿಸಿದರು. ಸುಮಾರು 12 ಕೋಟಿ ಜನ ಅಪಾಯದ ಪ್ರದೇಶದಲ್ಲಿದ್ದಾರೆ ಎಂಬುದು ಅವರ ಅಂದಾಜು. ಇಂಥ ನಕ್ಷೆ ಎಲ್ಲಿ ಮೊದಲು ಪರೀಕ್ಷೆ ನಡೆಸಬೇಕೆಂದು ಹೇಳುತ್ತದೆ. ಆದರೆ ಗಟ್ಟಿಶಿಲೆಯ ನಾಡಿನಲ್ಲಿ ಬೋರಿನಿಂದ ಬೋರಿಗೆ ವ್ಯತ್ಯಾಸವಿರುವುದರಿಂದ, ಊರಿಗೆ ನೀರು ಬಿಡುವ ಒಂದೊಂದು ಬೋರನ್ನೂ, ಮಳೆಗಾಲದ ಮುನ್ನ ಮತ್ತು ಬಳಿಕ, ಪರೀಕ್ಷಿಸುವುದಕ್ಕೆ ಅದು ಬದಲಿಯಲ್ಲ.

ಮಕ್ಕಳ ಬುದ್ಧಿಶಕ್ತಿಯ ಪ್ರಶ್ನೆ

ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಗಮನ ಸೆಳೆದಿರುವುದು ಫ್ಲೋರೈಡ್‌ಗೂ ಮಕ್ಕಳ ಬುದ್ಧಿಮತ್ತೆಗೂ ಇರುವ ಸಂಬಂಧ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರ ಆಗಸ್ಟ್‌ನಲ್ಲಿ ಹೊರತಂದ ಪರಾಮರ್ಶೆ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಕಡಿಮೆ ಐಕ್ಯೂಗೂ ಸಂಬಂಧವಿದೆಯೆಂದು ಮಧ್ಯಮ ಪ್ರಮಾಣದ ವಿಶ್ವಾಸದಿಂದ ಹೇಳಿತು. 2025ರ ಜನವರಿಯಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ 74 ಅಧ್ಯಯನಗಳ ಒಟ್ಟು ವಿಶ್ಲೇಷಣೆಯೂ ಅದೇ ದಿಕ್ಕಿನದು. ಈ ಅಧ್ಯಯನಗಳ ಬಹುಪಾಲು ಚೀನಾದಲ್ಲಿ ನಡೆದವು, ಭಾರತದವೂ ಕೆಲವು ಇದ್ದವು; ಹೆಚ್ಚಿನವು ಒಂದೇ ಕಾಲಘಟ್ಟದಲ್ಲಿ ಅಳೆದಂಥವು, ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದಂಥವಲ್ಲ. ಬಡತನ, ಅಪೌಷ್ಟಿಕತೆ, ಅಯೋಡಿನ್ ಕೊರತೆ, ಸೀಸ, ಆರ್ಸೆನಿಕ್ ಇವುಗಳ ಪ್ರಭಾವವನ್ನು ಬೇರ್ಪಡಿಸುವುದು ಕಷ್ಟ. 1.5ಕ್ಕಿಂತ ಕೆಳಗಿನ ಪ್ರಮಾಣದ ಬಗ್ಗೆ ವಿವಾದ ತೀರ್ಮಾನವಾಗಿಲ್ಲ.

ಅಮೆರಿಕದಲ್ಲಿ ಈ ಚರ್ಚೆ ನಡೆದಿರುವುದು ಹಲ್ಲಿನ ಹುಳುಕು ತಡೆಯಲು ನಗರದ ನೀರಿಗೆ ಲೀಟರಿಗೆ 0.7 ಮಿಲಿಗ್ರಾಂ ಮಟ್ಟಕ್ಕೆ ಫ್ಲೋರೈಡ್ ಸೇರಿಸಬೇಕೇ ಎಂಬುದರ ಸುತ್ತ. ಪಾವಗಡ, ಶಿರಾಗಳ ಪ್ರಶ್ನೆ ಅದಕ್ಕೆ ವಿರುದ್ಧವಾದುದು. ಇಲ್ಲಿ ಇರುವುದನ್ನು ತೆಗೆಯಬೇಕಾಗಿದೆ. ವಿವಾದವಿಲ್ಲದ 1.5ರ ಮೇಲಿನ ವಲಯವೇ ಇಲ್ಲಿನ ಅನೇಕ ಹಳ್ಳಿಗಳ ವಲಯ. ಹಾಗಾಗಿ ಗರ್ಭಿಣಿಯರು ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ಒಳ್ಳೆಯ ನೀರು ಒದಗಿಸಬೇಕೆಂಬ ನಿಲುವಿಗೆ ಈ ಸಂಶೋಧನೆ ಹೊಸ ಬಲ ಕೊಡುತ್ತದೆ. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟದ ಅಡುಗೆಮನೆಗಳು ಆ ಪಟ್ಟಿಯ ಮೇಲ್ಭಾಗದಲ್ಲಿ ಬರುತ್ತವೆ.

ಊಟ ಮತ್ತು ಪೋಷಣೆ

ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿ ಜೀವಸತ್ವ ಸಾಕಷ್ಟಿರುವ ಊಟ ಫ್ಲೋರೈಡ್‌ನ ಹಾವಳಿಯನ್ನು ತಗ್ಗಿಸುತ್ತದೆ ಎಂಬುದಕ್ಕೆ ಆಧಾರಗಳಿವೆ. ಕರುಳಿನಲ್ಲೇ ಕ್ಯಾಲ್ಸಿಯಂ ಫ್ಲೋರೈಡನ್ನು ಕಟ್ಟಿಹಾಕುವುದು ಇದರ ಒಂದು ಬಗೆ. ಈ ದೃಷ್ಟಿಯಿಂದ ಬಯಲುಸೀಮೆಯ ರಾಗಿ ವಿಶೇಷ ಗಮನಕ್ಕೆ ಅರ್ಹ. ಭಾರತೀಯ ಆಹಾರ ಸಂಯೋಜನೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಇದರ ತೀರಾ ಸಣ್ಣ ಅಂಶ ಮಾತ್ರ. ಪಡಿತರದ ಅಕ್ಕಿ ಮುದ್ದೆಯ ಜಾಗವನ್ನು ಆಕ್ರಮಿಸಿದಷ್ಟೂ ಊಟದ ಕ್ಯಾಲ್ಸಿಯಂ ಇಳಿಯುತ್ತದೆ. ನುಗ್ಗೆಸೊಪ್ಪು, ಎಳ್ಳು, ಮಜ್ಜಿಗೆ, ಸಿ ಜೀವಸತ್ವಕ್ಕೆ ನೆಲ್ಲಿಕಾಯಿ ಮತ್ತು ನಿಂಬೆ ಇಲ್ಲಿ ಸಿಗುವ ಇತರ ಮೂಲಗಳು. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯಲ್ಲಿ ಇನ್ರೆಮ್ ಪ್ರತಿಷ್ಠಾನ ಸುರಕ್ಷಿತ ನೀರಿನ ಜೊತೆಗೆ ಕ್ಯಾಲ್ಸಿಯಂ ಹೇರಳವಾಗಿರುವ ತಗಚೆ ಸೊಪ್ಪಿನ ಬಳಕೆಯನ್ನೂ ಪ್ರಚಾರ ಮಾಡಿತು. ಕಾಲು ಬಾಗಿದ್ದ ಮಕ್ಕಳಲ್ಲಿ ಸುಧಾರಣೆ ಕಂಡುಬಂದಿದೆ.

ಹುಣಸೆಯ ಬಗೆಗಿನ ಸಂಶೋಧನೆ ತುಮಕೂರಿಗೆ ನೇರವಾಗಿ ಸಂಬಂಧಿಸಿದ್ದು. ಜಿಲ್ಲೆಯ ಹುಣಸೆ ಮಾರುಕಟ್ಟೆ ರಾಜ್ಯದಲ್ಲೇ ಹೆಸರಾದುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅರ್ಜುನ್ ಖಂಡಾರೆ ಮತ್ತು ಸಹೋದ್ಯೋಗಿಗಳು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಹುಣಸೆ ಚಿಕಿತ್ಸೆಯೆಂದು ಅದು ಹೇಳುವುದಿಲ್ಲ. ಸಾರಿನ ಹುಳಿ ಒಂದಿಷ್ಟು ನೆರವಾಗಬಲ್ಲದೆಂದು ಮಾತ್ರ ಸೂಚಿಸುತ್ತದೆ. ಇನ್ನೊಂದು ಕಡೆ, ಕಡುವಾದ ಟೀ, ಕಪ್ಪು ಉಪ್ಪು, ನುಂಗಿದ ಫ್ಲೋರೈಡ್ ಟೂತ್‌ಪೇಸ್ಟ್ ಇವು ಸೇವನೆಯನ್ನು ಹೆಚ್ಚಿಸುವ ಮೂಲಗಳು.

ನೀರಿನಿಂದ ಫ್ಲೋರೈಡ್ ತೆಗೆಯುವುದು

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯ ಸೋಸುವಿಕೆ, ಕ್ಯಾಂಡಲ್ ಫಿಲ್ಟರ್, ಅತಿನೇರಳೆ ದೀಪ ಇವೂ ನಿಷ್ಪ್ರಯೋಜಕ. ಬಳಕೆಗೆ ಬಂದ ವಿಧಾನಗಳು ಮುಖ್ಯವಾಗಿ ನಾಲ್ಕು.

ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ನೀರಿಗೆ ಬೆರೆಸಿ ಕಲಕಿ, ಗಸಿ ತಳಕ್ಕೆ ಕೂರಲು ಬಿಡುತ್ತಾರೆ. ಖರ್ಚು ಕಡಿಮೆ, ಸಾಮಗ್ರಿ ಎಲ್ಲೆಡೆ ಸಿಗುವಂಥದ್ದು. ನೀರಿನ ಗುಣಕ್ಕೆ ತಕ್ಕಂತೆ ಪ್ರಮಾಣ ಬದಲಿಸಬೇಕಾದುದು, ಅಲ್ಯೂಮಿನಿಯಂ ಉಳಿಕೆ, ಗಸಿಯ ವಿಲೇವಾರಿ ಇದರ ತೊಡಕುಗಳು. ಎರಡನೆಯದು ಆಕ್ಟಿವೇಟೆಡ್ ಅಲ್ಯೂಮಿನಾ ಹರಳುಗಳ ಮೂಲಕ ನೀರು ಹಾಯಿಸುವುದು. ಕಾನ್ಪುರದ ಐಐಟಿ ಯುನಿಸೆಫ್ ನೆರವಿನಿಂದ 1990ರ ದಶಕದಲ್ಲಿ ಇದನ್ನು ಗೃಹಬಳಕೆಗೆ ಒಗ್ಗಿಸಿತು. ಹರಳು ತುಂಬಿಕೊಂಡ ಮೇಲೆ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆದು ಮತ್ತೆ ಬಳಸಬೇಕು. ತೊಳೆಯುವ ವ್ಯವಸ್ಥೆ ನಿಂತ ಕಡೆ ಫಿಲ್ಟರುಗಳೂ ಮೂಲೆ ಸೇರುತ್ತವೆ. ಮೂರನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ಎಂ. ರಾವ್ ಮತ್ತು ತಂಡದ ಮೆಗ್ನೀಸಿಯಂ ಆಕ್ಸೈಡ್ ವಿಧಾನ. ಫ್ಲೋರೈಡ್ ಮೆಗ್ನೀಸಿಯಂ ಗಸಿಯಲ್ಲಿ ಸೇರಿಹೋಗುತ್ತದೆ; ಏರಿದ ಕ್ಷಾರತೆಯನ್ನು ಸರಿಪಡಿಸಲು ಬೇರೊಂದು ಲವಣ ಬಳಸುತ್ತಾರೆ. ಗಸಿಯನ್ನು ಮಣ್ಣಿನ ಇಟ್ಟಿಗೆಗೆ ಬೆರೆಸಿ ವಿಲೇವಾರಿ ಮಾಡುವ ಬಗೆಯನ್ನೂ ಈ ತಂಡ ಯೋಚಿಸಿತು.

ನಾಲ್ಕನೆಯದು ರಿವರ್ಸ್ ಆಸ್ಮೋಸಿಸ್, ಅಂದರೆ ಹಳ್ಳಿಗರ ಬಾಯಲ್ಲಿ ಫಿಲ್ಟರ್ ನೀರು. ಶುದ್ಧ ಕುಡಿಯುವ ನೀರಿನ ಘಟಕಗಳು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕರ್ನಾಟಕದ ಊರೂರಿಗೆ ಬಂದಿವೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವುದು ದಿನಚರಿಯ ಭಾಗವಾಗಿದೆ. ಫ್ಲೋರೈಡ್ ಜೊತೆಗೆ ಇತರ ಲವಣಗಳನ್ನೂ ಇದು ಚೆನ್ನಾಗಿ ತೆಗೆಯುತ್ತದೆ. ಆದರೆ ಮೂರು ಮಿತಿಗಳು ಸ್ಪಷ್ಟ. ಒಂದು, ಒಳಹೋದ ನೀರಿನ ದೊಡ್ಡ ಪಾಲು ಹೆಚ್ಚು ಲವಣಯುಕ್ತ ತ್ಯಾಜ್ಯವಾಗಿ ಚರಂಡಿಗೆ ಹರಿಯುತ್ತದೆ; ಅಂತರ್ಜಲ ಬತ್ತುತ್ತಿರುವ ತಾಲ್ಲೂಕಿನಲ್ಲಿ ಇದು ಸಣ್ಣ ನಷ್ಟವಲ್ಲ. ಎರಡು, ಫ್ಲೋರೈಡ್ ವಿರುದ್ಧ ನೆರವಾಗಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಹೊರಟುಹೋಗುತ್ತವೆ. ಮೂರು, ಪೊರೆ ಬದಲಿಸದೆ, ದುರಸ್ತಿ ಮಾಡದೆ ಬಿಟ್ಟ ಘಟಕ ಹೆಸರಿಗೆ ಮಾತ್ರ ಶುದ್ಧೀಕರಣ. ಇದಕ್ಕಿಂತ ಗಂಭೀರವಾದ ಸಂಗತಿ ಅಡುಗೆಯದು. ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಮುದ್ದೆಯ ಎಸರಿಗೆ, ಬೇಳೆ ಬೇಯಿಸಲು ನಲ್ಲಿಯ ಬೋರು ನೀರನ್ನೇ ಬಳಸುವ ಮನೆಗಳಲ್ಲಿ ಫ್ಲೋರೈಡ್ ಸೇವನೆ ಇಳಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಫ್ಲೋರೈಡ್ ಪೀಡಿತ ಊರುಗಳಿಗೆ ತಾತ್ಕಾಲಿಕ ಪರಿಹಾರವಾಗಿ ತಲೆಗೆ ದಿನಕ್ಕೆ 8ರಿಂದ 10 ಲೀಟರ್ ಶುದ್ಧ ನೀರು ಎಂದು ನಿಗದಿಪಡಿಸಿರುವುದು ಕುಡಿಯುವುದು ಮತ್ತು ಅಡುಗೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ.

ಫ್ಲೋರೈಡ್‌ನ ಜೊತೆಗಾರ: ಯುರೇನಿಯಂ

ಗ್ರಾನೈಟ್ ಬಂಡೆಯಿಂದ ನೀರಿಗೆ ಸೇರುವುದು ಫ್ಲೋರೈಡ್ ಒಂದೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರದ ಆರ್. ಶ್ರೀನಿವಾಸನ್, ಮಂಗಳೂರು ವಿಶ್ವವಿದ್ಯಾಲಯದ ಎನ್. ಕರುಣಾಕರ ಮೊದಲಾದವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೇರಿದಂತೆ ಪೂರ್ವ ಕರ್ನಾಟಕದ ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸಿ 2021ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಪ್ರಕಟಿಸಿದರು. ಮಾದರಿ ಸಂಗ್ರಹಿಸಿದ 73 ಹಳ್ಳಿಗಳಲ್ಲಿ 57ರಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನೂ, 48ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ 60 ಮೈಕ್ರೊಗ್ರಾಂ ಮಿತಿಯನ್ನೂ ಮೀರಿತ್ತು. ಈ ಪ್ರಮಾಣದಲ್ಲಿ ಯುರೇನಿಯಂನ ಮುಖ್ಯ ಅಪಾಯ ವಿಕಿರಣಕ್ಕಿಂತ ಮೂತ್ರಪಿಂಡದ ಮೇಲಿನ ರಾಸಾಯನಿಕ ಪರಿಣಾಮ. ಫ್ಲೋರೈಡ್ ಹೊರಹೋಗಬೇಕಾದುದೂ ಮೂತ್ರಪಿಂಡದ ದಾರಿಯಲ್ಲೇ. ಎರಡೂ ಇರುವ ನೀರನ್ನು ಕುಡಿದಾಗ ಏನಾಗುತ್ತದೆ ಎಂಬ ಜಂಟಿ ಅಧ್ಯಯನ ಈ ನೆಲಕ್ಕೆ ಅತ್ಯಗತ್ಯ. ಶ್ರೀಲಂಕಾದ ಒಣವಲಯದಲ್ಲಿ ಕಾರಣ ತಿಳಿಯದ ಮೂತ್ರಪಿಂಡ ರೋಗಕ್ಕೂ ಗಡಸು, ಫ್ಲೋರೈಡ್‌ಯುಕ್ತ ನೀರಿಗೂ ನಂಟಿದೆಯೆಂಬ ಊಹೆ ಅಲ್ಲಿನ ಸಂಶೋಧಕರದ್ದು.

ಮಳೆನೀರು ಮತ್ತು ನದಿನೀರು

ಮಳೆನೀರಿನಲ್ಲಿ ಫ್ಲೋರೈಡ್ ನಗಣ್ಯ. ಫ್ಲೋರೈಡ್ ಹಳ್ಳಿಗಳಲ್ಲಿ ಮನೆಯ ಚಾವಣಿಯ ನೀರನ್ನು ತೊಟ್ಟಿಯಲ್ಲಿ ಹಿಡಿದು ವರ್ಷದ ಕುಡಿಯುವ, ಅಡುಗೆಯ ಅಗತ್ಯ ಪೂರೈಸುವ ಪ್ರಯತ್ನ ರಾಜ್ಯದಲ್ಲಿ ಸಚೇತನ ಎಂಬ ಯೋಜನೆಯ ಮೂಲಕ ನಡೆಯಿತು. ಎರಡು ಬರಗಾಲ ಒಂದರ ಹಿಂದೊಂದು ಬಂದರೆ ತೊಟ್ಟಿ ಬರಿದಾಗುತ್ತದೆ ಎಂಬುದು ಇದರ ಮಿತಿ. ಅಂತರ್ಜಲ ಮರುಪೂರಣ ಇನ್ನೊಂದು ದಾರಿ. ಪಾವಗಡಕ್ಕೆ ಅಂಟಿಕೊಂಡಿರುವ ಅನಂತಪುರ ಸೀಮೆಯಲ್ಲಿ ಚೆಕ್‌ಡ್ಯಾಂಗಳ ಬಳಿಯ ಅಂತರ್ಜಲದಲ್ಲಿ ಫ್ಲೋರೈಡ್ ತೆಳುವಾಗಿರುವುದನ್ನೂ, ಹಳ್ಳಿಗರ ರಕ್ತ ಮತ್ತು ಮೂತ್ರದ ಪರೀಕ್ಷೆಯನ್ನೂ ಒಟ್ಟಿಗೆ ನೋಡಿದ ಅಧ್ಯಯನ 2005ರಲ್ಲಿ ಬಂದಿತು. ಕೆರೆ ಹೂಳೆತ್ತಿ ಅಂತರ್ಜಲ ತುಂಬಿಸುವುದಕ್ಕೆ ಆರೋಗ್ಯದ ಸಮರ್ಥನೆಯೂ ಇದೆಯೆಂಬುದಕ್ಕೆ ಇದು ಸೂಚನೆ.

ಹೆಚ್ಚು ಭರವಸೆ ಇಟ್ಟಿರುವುದು ದೂರದ ನದಿಗಳ ಮೇಲೆ. ಶಿರಾ ಪಟ್ಟಣಕ್ಕೆ ಹೇಮಾವತಿಯ ನೀರು ನಾಲೆಯ ಮೂಲಕ ಕೆರೆಗೆ ಬರುತ್ತದೆ. ತುಂಗಭದ್ರಾ ಜಲಾಶಯದ ಹಿನ್ನೀರನ್ನು ಪಾವಗಡಕ್ಕೂ ಕೂಡ್ಲಿಗಿ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೂ ಒಯ್ಯುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು. ಭದ್ರಾ ಮೇಲ್ದಂಡೆಯ ತುಮಕೂರು ಶಾಖಾ ನಾಲೆ ಶಿರಾ ಭಾಗವನ್ನೂ, 2024ರಲ್ಲಿ ಮೊದಲ ಹಂತ ಉದ್ಘಾಟನೆಗೊಂಡ ಎತ್ತಿನಹೊಳೆ ಯೋಜನೆ ಕೊರಟಗೆರೆ, ಮಧುಗಿರಿಗಳನ್ನೂ ತಲುಪಬೇಕಿದೆ. ನದಿನೀರಿನಲ್ಲಿ ಫ್ಲೋರೈಡ್ ಕಡಿಮೆ. ಆದರೆ ಪೂರೈಕೆ ನಿಂತ ದಿನಗಳಲ್ಲಿ ನೀರುಗಂಟಿ ಅದೇ ಟ್ಯಾಂಕಿಗೆ ಹಳೆಯ ಬೋರು ನೀರನ್ನು ಬಿಡಬೇಕಾಗುತ್ತದೆ. ನಲ್ಲಿಯ ತುದಿಯಲ್ಲಿ ನಿಯಮಿತ ಪರೀಕ್ಷೆ ಇಲ್ಲದಿದ್ದರೆ ಈ ಬೆರಕೆ ಯಾರ ಗಮನಕ್ಕೂ ಬಾರದು.

ಆರೋಗ್ಯ ವ್ಯವಸ್ಥೆ ಮತ್ತು ಮುಂದಿನ ಅಧ್ಯಯನ

ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಶಾಲಾ ಮಕ್ಕಳ ಹಲ್ಲಿನ ಸಮೀಕ್ಷೆ, ನೀರು ಮತ್ತು ಮೂತ್ರದ ಪರೀಕ್ಷೆ, ಅಯಾನ್ ಮೀಟರ್ ಹೊಂದಿದ ಜಿಲ್ಲಾ ಪ್ರಯೋಗಾಲಯ, ವೈದ್ಯರ ತರಬೇತಿ, ಪೂರಕ ಪೋಷಣೆ ಇದರ ಅಂಗಗಳು. ನೀರು ಒಂದು ಇಲಾಖೆಯದು, ರೋಗ ಇನ್ನೊಂದರದು, ಊಟ ಮತ್ತೊಂದರದು ಆಗಿರುವುದು ಇದರ ಮೂಲ ತೊಡಕು. ಬೋರಿನ ಪರೀಕ್ಷಾ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿಗೆ ಬರಬೇಕು. ಮಂಡಿನೋವಿಗೆ ಮಾತ್ರೆ ಬರೆಯುವ ಮುನ್ನ ಯಾವ ಬೋರಿನ ನೀರು ಎಂದು ಕೇಳುವುದು ರೂಢಿಯಾಗಬೇಕು.

ಮುಂದಿನ ಸಂಶೋಧನೆಗೆ ಈ ತಾಲ್ಲೂಕುಗಳು ವಿರಳ ಅವಕಾಶ ಒದಗಿಸುತ್ತವೆ. ದಶಕಗಳ ಕಾಲ ಆಳದ ಬೋರನ್ನೇ ನಂಬಿದ್ದ ಜನಸಮುದಾಯಗಳಿಗೆ ಈಗ ಒಂದೊಂದಾಗಿ ನದಿಯ ನೀರು ಬರುತ್ತಿದೆ. ನೀರು ಬದಲಾಗುವ ಮುನ್ನ ಮತ್ತು ಬದಲಾದ ನಂತರ ಅದೇ ಮಕ್ಕಳ ಹಲ್ಲು, ಮೂತ್ರದ ಫ್ಲೋರೈಡ್, ಹಿಮೋಗ್ಲೋಬಿನ್, ಕಲಿಕೆ ಇವನ್ನು ವರ್ಷ ವರ್ಷ ಅಳೆದರೆ, ಒಂದೇ ಕಾಲಘಟ್ಟದ ಸಮೀಕ್ಷೆಗಳು ಬಿಟ್ಟುಹೋದ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಮೊದಲ ಅಳತೆ ಮಾತ್ರ ಹೊಸ ನೀರು ನಲ್ಲಿಗೆ ಬರುವ ಮುನ್ನವೇ ಆಗಬೇಕು. ನೀರು ಬದಲಾದ ಹಳ್ಳಿಯಲ್ಲಿ ಹಿಂದಿನ ಮೂತ್ರದ ಮಾದರಿಯನ್ನು ಮತ್ತೆ ಪಡೆಯಲು ಬಾರದು.